ಮಾನಸಿಕ ಕಾಯಿಲೆಗಳ ಸಂಶೋಧನೆಗೆ ಸರ್ಕಾರಿ ದುಡ್ಡು: ಆದ್ಯತಾ ಪಟ್ಟಿ ಮಾಡೋದು ಹೇಗೆ?

ಹೇಮಾವತಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಾನಸಿಕ ಆರೋಗ್ಯ ಸಂಶೋಧನೆಗೆಂದು ರಾಜ್ಯಮಟ್ಟದಲ್ಲಿ ಮೂರು ವರ್ಷಕ್ಕೆ 6 ಕೋಟಿ ರೂಪಾಯಿ ಎತ್ತಿಟ್ಟಿದ್ದಾರೆ. ಯಾವ ವಿಷಯಗಳಿಗೆ ಅರ್ಜಿ ಕರೆಯಬೇಕು ಅನ್ನುವುದನ್ನು 14 ಜನರ ಸಮಿತಿ ತೀರ್ಮಾನಿಸಬೇಕು. 9 ಮಂದಿ ಮನೋವೈದ್ಯರು, ಇಬ್ಬರು ಮನಶ್ಶಾಸ್ತ್ರಜ್ಞರು, ಸಮುದಾಯ ಆರೋಗ್ಯದವರು ಒಬ್ಬರು, ಇಲಾಖೆಯ ಅಧಿಕಾರಿಗಳು ಇಬ್ಬರು.

ಸದಸ್ಯರಿಂದಲೇ 63 ವಿಷಯಗಳು ಬಂದಿವೆ. "ಯುವಜನರಲ್ಲಿ ಖಿನ್ನತೆ", "ಕಳಂಕ ನಿವಾರಣೆ", "ಸ್ಕಿಜೋಫ್ರೇನಿಯಾದ ಜೆನೆಟಿಕ್ಸ್", "ರೈತರ ಆತ್ಮಹತ್ಯೆ", "ಮೊಬೈಲ್ ಗೀಳು", ಹೀಗೆ. ಪ್ರತಿ ಕಾಯಿಲೆಯ ಹೊರೆಯನ್ನು ಡ್ಯಾಲಿ ಲೆಕ್ಕದಲ್ಲಿ ಹಾಕಿ, ಮೇಲಿನ ಹತ್ತನ್ನು ಆರಿಸಿ, ಅಷ್ಟಕ್ಕೂ ಅರ್ಜಿ ಕರೆಯೋಣ ಎಂಬುದು ಈಗಿನ ಯೋಚನೆ. ನನ್ನ ಸಂದೇಹಗಳು: ಹೊರೆಯೊಂದನ್ನೇ ನೋಡಿದರೆ ಸಾಕೇ? ಅಂಕ ಕೊಡುವ ಒಳ್ಳೆಯ ಕ್ರಮ ಯಾವುದು? ರೋಗಿಗಳನ್ನೂ ಮನೆಯವರನ್ನೂ ಯಾವ ಹಂತದಲ್ಲಿ ಕರೆಯಬೇಕು? ಪ್ರಯೋಗಾಲಯದ ಕೆಲಸ, ಹಳ್ಳಿಯ ಕೆಲಸ ಎರಡನ್ನೂ ಒಂದೇ ಪಟ್ಟಿಯಲ್ಲಿ ತೂಗುವುದು ಸರಿಯೇ?

ಅಂಕಿಸಂಖ್ಯೆ

ಮೊದಲನೆಯದಕ್ಕೆ ಮಾತ್ರ ಉತ್ತರಿಸ್ತೀನಿ. ಸಾಲದು. ಡ್ಯಾಲಿ ಅಂದರೆ ಅಕಾಲ ಸಾವಿನಿಂದ ಕಳೆದುಹೋದ ವರ್ಷಗಳು, ಜೊತೆಗೆ ಅಸಾಮರ್ಥ್ಯದಲ್ಲಿ ಕಳೆದ ವರ್ಷಗಳು. ಕ್ಷಯಕ್ಕೋ ಹೃದಯಾಘಾತಕ್ಕೋ ಈ ಲೆಕ್ಕ ಚೆನ್ನಾಗಿ ಕೂರುತ್ತೆ. ಮಾನಸಿಕ ಕಾಯಿಲೆಗೆ ಬಂದಾಗ ಮೂರು ಕಡೆ ಸೋರುತ್ತೆ.

ಜಾಗತಿಕ ರೋಗಹೊರೆ ಅಧ್ಯಯನದಲ್ಲಿ ಆತ್ಮಹತ್ಯೆ ಮಾನಸಿಕ ಕಾಯಿಲೆಗಳ ಖಾತೆಯಲ್ಲಿಲ್ಲ, ಗಾಯಗಳ ಖಾತೆಯಲ್ಲಿದೆ. ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿ ಕೇಳಿಸುವುದು ಇಂಥ ಲಕ್ಷಣಗಳ ತೀವ್ರ ಮಾನಸಿಕ ಕಾಯಿಲೆ) ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯ್ತಾರೆ. ಆ ಸಾವುಗಳು ಹೃದ್ರೋಗ, ಸಕ್ಕರೆ ಕಾಯಿಲೆ, ಸೋಂಕುಗಳ ಹೆಸರಲ್ಲಿ ಬರೆದುಹೋಗುತ್ತವೆ. ಹಾಗಾಗಿ ಈ ಖಾತೆಯಲ್ಲಿ ಸಾವಿನ ಭಾಗ ಹೆಚ್ಚುಕಡಿಮೆ ಸೊನ್ನೆ, ಎಲ್ಲ ಭಾರವೂ ಅಸಾಮರ್ಥ್ಯದ ಅಂಕದ ಮೇಲೆ ಬೀಳುತ್ತೆ. ಆ ಅಂಕ (ಪೂರ್ಣ ಆರೋಗ್ಯಕ್ಕೆ 0, ಸಾವಿಗೆ 1) ತೀವ್ರ ಹಂತದ ಸ್ಕಿಜೋಫ್ರೇನಿಯಾಕ್ಕೆ 0.778, ತೀವ್ರ ಖಿನ್ನತೆಗೆ 0.658, ಸೌಮ್ಯ ಖಿನ್ನತೆಗೆ 0.145, ಸೌಮ್ಯ ಆತಂಕಕ್ಕೆ 0.030. ಇದನ್ನು ಜನಸಂಖ್ಯೆಯಿಂದ ಗುಣಿಸಿದಾಗ ಏನಾಗುತ್ತೆ ನೋಡಿ: ಸೌಮ್ಯ ಕಾಯಿಲೆ ಇರುವ ಕೋಟಿಗಟ್ಟಲೆ ಜನ ಸೇರಿ ಪಟ್ಟಿಯ ತಲೆಗೆ ಹೋಗ್ತಾರೆ. 2017ರಲ್ಲಿ ಭಾರತದಲ್ಲಿ ಖಿನ್ನತೆ ಇದ್ದವರು 4.57 ಕೋಟಿ, ಆತಂಕ ಇದ್ದವರು 4.49 ಕೋಟಿ ಅನ್ನೋದು ಆ ಅಧ್ಯಯನದ ಅಂದಾಜು. ಡ್ಯಾಲಿ ಪ್ರಕಾರ ಪಟ್ಟಿ ಮಾಡಿದರೆ ಮೊದಲ ಎರಡು ಹೆಸರು ಯಾವುವು ಅಂತ ಸಮಿತಿ ಸೇರುವ ಮುಂಚೆಯೇ ಗೊತ್ತಿರುತ್ತೆ. ಅದಕ್ಕೆ 14 ಜನರ ಟಿಎ ಡಿಎ ಯಾಕೆ?

ಮೂರನೇ ಸೋರಿಕೆ ಮನೆಯವರದು. ಮಗನನ್ನು ಕಾಯಲು ಕೂಲಿ ಬಿಟ್ಟ ತಾಯಿಯ ದಿನಗಳು ಡ್ಯಾಲಿಯಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಎಚ್ಚರಿಕೆ. ನಿಮ್ಹಾನ್ಸ್ ಮುಂದಾಳತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಅಂಕಿಗಳನ್ನು "ಕರ್ನಾಟಕದ ಅಂಕಿ" ಅಂತ ಹಾಕಬೇಡಿ. ಸಮೀಕ್ಷೆ ನಡೆದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ಪೂರ್ವಭಾವಿ ಅಧ್ಯಯನ ಮಾತ್ರ ಕೋಲಾರ ಜಿಲ್ಲೆಯಲ್ಲಾಯ್ತು. ವಯಸ್ಕರಲ್ಲಿ 10.6 ಶೇಕಡಾ ಜನಕ್ಕೆ ಮಾನಸಿಕ ಕಾಯಿಲೆ ಇದೆ ಅನ್ನುವುದು ಆ 12 ರಾಜ್ಯಗಳ ಮಾತು. ಅದೂ ಮನೆಮನೆ ಸಮೀಕ್ಷೆ, ಬೀದಿಯಲ್ಲಿರುವವರು, ಆಶ್ರಮಗಳಲ್ಲಿರುವವರು ಅದರಲ್ಲಿ ಸಿಗಲ್ಲ. ನಿಮ್ಮ ಕೆಲಸಕ್ಕೆ ಹೆಚ್ಚು ಬಳಕೆಗೆ ಬರೋದು ಅದೇ ವರದಿಯ ಚಿಕಿತ್ಸಾ ಅಂತರ: ಕಾಯಿಲೆಗೆ ತಕ್ಕಂತೆ 70ರಿಂದ 92 ಶೇಕಡಾ ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಕೆಲಸ ಮಾಡುವ ಔಷಧಿ ಇದ್ದೂ ಹತ್ತರಲ್ಲಿ ಏಳೆಂಟು ಜನಕ್ಕೆ ತಲುಪದಿದ್ದರೆ, ಹೊಸ ಔಷಧಿ ಹುಡುಕುವ ಪ್ರಶ್ನೆ ಬೇರೆ, ಇರೋದನ್ನು ತಲುಪಿಸುವ ಪ್ರಶ್ನೆ ಬೇರೆ. ಹೊರೆಯ ಅಂಕಿ ಇವೆರಡನ್ನೂ ಬೇರೆ ಮಾಡಿ ತೋರಿಸಲ್ಲ.

ತುಂಗಾಮೂಲ

ಹೇಮಾವತಿಯವರೇ, ಅಂಕದ ಕ್ರಮಕ್ಕೆ ಬರೋಣ. ಅದಕ್ಕೂ ಮುಂಚೆ ಒಂದು ಮಾತು: ನಿಮ್ಮ 63ರಲ್ಲಿ ಒಂದೂ ಸಂಶೋಧನಾ ಪ್ರಶ್ನೆಯಲ್ಲ, ಎಲ್ಲವೂ ತಲೆಬರಹಗಳು. "ಕಳಂಕ ನಿವಾರಣೆ"ಗೆ ಅಂಕ ಕೊಡಿ ಅಂದರೆ ಪ್ರತಿಯೊಬ್ಬರೂ ತಮ್ಮ ಮನಸ್ಸಿನಲ್ಲಿರುವ ಬೇರೆ ಬೇರೆ ಅಧ್ಯಯನಕ್ಕೆ ಅಂಕ ಕೊಡುತ್ತಾರೆ. ಎಲ್ಲರಿಗೂ ಒಪ್ಪಿಗೆಯಾಗುವುದರಿಂದ ಅಂಕವೂ ಜಾಸ್ತಿ ಬರುತ್ತದೆ. ಆಮೇಲೆ ಅದಕ್ಕೆ ಬರುವ ಅರ್ಜಿಗಳಲ್ಲಿ ಬೀದಿನಾಟಕವೂ ಇರುತ್ತದೆ, ಎಂಆರ್‌ಐಯೂ ಇರುತ್ತದೆ.

ಆದ್ದರಿಂದ ಮೊದಲ ಕೆಲಸ ತಲೆಬರಹವನ್ನು ಪ್ರಶ್ನೆಯಾಗಿ ಒಡೆಯುವುದು. ಯಾರಲ್ಲಿ, ಏನು ಮಾಡಿದರೆ, ಯಾವುದಕ್ಕೆ ಹೋಲಿಸಿ, ಎಷ್ಟು ಕಾಲದಲ್ಲಿ, ಯಾವ ಅಳತೆ ಬದಲಾಗುತ್ತದೆ. "ಚಿಕಿತ್ಸೆಗೆ ಬಗ್ಗದ ಸ್ಕಿಜೋಫ್ರೇನಿಯಾ" ಅನ್ನುವ ವಿಷಯ ತೆಗೆದುಕೊಳ್ಳಿ. ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟೂ ಗುಣ ಕಾಣದವರು ಸುಮಾರು ಮೂರರಲ್ಲೊಬ್ಬರು. ಅವರಿಗೆ ಉಳಿದಿರುವ ಔಷಧಿ ಕ್ಲೋಜಪಿನ್. ಬಿಳಿರಕ್ತಕಣ ಕುಸಿಯುವ ಅಪಾಯವಿರುವುದರಿಂದ ಮೊದಲ 18 ವಾರ ವಾರವಾರವೂ ರಕ್ತ ನೋಡಬೇಕು, ಆಮೇಲೆ ತಿಂಗಳಿಗೊಮ್ಮೆ. ಮಾತ್ರೆ ದುಬಾರಿಯಲ್ಲ, ಜಿಲ್ಲಾ ಆಸ್ಪತ್ರೆಗೆ 18 ಸಲ ಬಸ್ಸು ಹತ್ತುವುದು, ಜೊತೆಗೊಬ್ಬರ 18 ದಿನದ ಕೂಲಿ ಹೋಗುವುದು, ಅದು ದುಬಾರಿ. ಈಗ ಪ್ರಶ್ನೆ ಹೀಗಾಗುತ್ತದೆ: ಎರಡು ಔಷಧಿಗೂ ಬಗ್ಗದ ವಯಸ್ಕರಲ್ಲಿ, ಈ 18 ರಕ್ತಪರೀಕ್ಷೆಗಳನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿದರೆ, ಜಿಲ್ಲಾ ಆಸ್ಪತ್ರೆಗೆ ಬರಹೇಳುವುದಕ್ಕೆ ಹೋಲಿಸಿ, ಆರನೇ ತಿಂಗಳಲ್ಲಿ ಔಷಧಿ ಬಿಡದೆ ಉಳಿದವರ ಪ್ರಮಾಣ ಹೆಚ್ಚುತ್ತದೆಯೇ? ಇದಕ್ಕೆ ಅಂಕ ಕೊಡಬಹುದು. ಎಲ್ಲಿ ಕೈಕೊಡುತ್ತದೆ ಅನ್ನುವುದೂ ಆಗಲೇ ಕಾಣುತ್ತದೆ: ರಕ್ತಕಣ ಎಣಿಸುವ ಯಂತ್ರದ ರಾಸಾಯನಿಕ ಮುಗಿದರೆ ಆ ವಾರದ ವರದಿ ಇಲ್ಲ, ವರದಿ ಇಲ್ಲದೆ ಮಾತ್ರೆ ಕೊಡುವಂತಿಲ್ಲ. ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಮನೋರೋಗ ಕ್ಲಿನಿಕ್ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೇಗೂ ಇದೆಯಲ್ಲ, ರಕ್ತ ತೆಗೆಯುವ ದಿನವನ್ನು ಅದಕ್ಕೇ ಕಟ್ಟಬಹುದೇ ಅನ್ನುವುದು ಉಪಪ್ರಶ್ನೆ.

63 ತಲೆಬರಹಗಳನ್ನು ಹೀಗೆ ಒಡೆದರೆ 150-200 ಪ್ರಶ್ನೆ ಬರುತ್ತವೆ. ಒಂದೇ ಅರ್ಥದವನ್ನು ಕೂಡಿಸಿ, ಈಗಾಗಲೇ ಉತ್ತರ ಸಿಕ್ಕಿರುವುದನ್ನು ತೆಗೆದರೆ 60ಕ್ಕೆ ಇಳಿಸಬಹುದು. ಉತ್ತರ ಸಿಕ್ಕಿದೆಯೇ ನೋಡುವ ಕೆಲಸವನ್ನು ಯಾರೂ ಮಾಡುವುದಿಲ್ಲ, ದಯವಿಟ್ಟು ಮಾಡಿಸಿ. "ತರಬೇತಿ ಪಡೆದ ಸ್ಥಳೀಯರು ಸ್ಕಿಜೋಫ್ರೇನಿಯಾ ಇರುವವರನ್ನು ಮನೆಯಲ್ಲೇ ನೋಡಿಕೊಳ್ಳಲು ನೆರವಾಗಬಹುದೇ" ಎಂದು ಯಾರಾದರೂ ಬರೆದಿದ್ದರೆ, ಅದನ್ನು ತಮಿಳುನಾಡು, ಗೋವಾ, ಮಹಾರಾಷ್ಟ್ರದ ಮೂರು ಕಡೆ 282 ಜನರ ಮೇಲೆ ಪರೀಕ್ಷಿಸಿ 2014ರಲ್ಲೇ ಪ್ರಕಟಿಸಿದ್ದಾರೆ. ಪ್ರಯೋಜನ ಇತ್ತು, ದೊಡ್ಡದಾಗಿರಲಿಲ್ಲ. ಇನ್ನು ಕೇಳಬೇಕಾದದ್ದು ಯಾರಿಗೆ ಹೆಚ್ಚು ಪ್ರಯೋಜನ, ಆಶಾ ಕಾರ್ಯಕರ್ತೆಯ ಈಗಿನ ಕೆಲಸದ ಮೇಲೆ ಇದನ್ನೂ ಹೇರಿದರೆ ನಡೆಯುತ್ತದೆಯೇ, ಇಂಥವು. ತೀರ್ಥಹಳ್ಳಿ, ತುರುವೇಕೆರೆಗಳಲ್ಲಿ ನಿಮ್ಹಾನ್ಸ್‌ನವರು ಸಮುದಾಯದ ಮಟ್ಟದಲ್ಲಿ ಮಾಡಿರುವ ಕೆಲಸವನ್ನೂ ಮೊದಲು ಓದಿಸಿ.

ಅಂಕಕ್ಕೆ ಸಿಎಚ್‌ಎನ್‌ಆರ್‌ಐ (ಚೈಲ್ಡ್ ಹೆಲ್ತ್ ಅಂಡ್ ನ್ಯೂಟ್ರಿಷನ್ ರಿಸರ್ಚ್ ಇನಿಶಿಯೇಟಿವ್) ಕ್ರಮ ಸಾಕು. ಮಕ್ಕಳ ಆರೋಗ್ಯಕ್ಕೆಂದು ಕಟ್ಟಿದ್ದು, ಆಮೇಲೆ ಮಾನಸಿಕ ಆರೋಗ್ಯಕ್ಕೂ ಬಳಸಿದ್ದಾರೆ. ಐದು ಮಾನದಂಡ: ಪ್ರಶ್ನೆಗೆ ಉತ್ತರ ಸಿಗುವಂತಿದೆಯೇ, ಸಿಕ್ಕ ಉತ್ತರದಿಂದ ಕೆಲಸಕ್ಕೆ ಬರುವ ಚಿಕಿತ್ಸೆ ಹುಟ್ಟುತ್ತದೆಯೇ, ಅದನ್ನು ನಮ್ಮ ವ್ಯವಸ್ಥೆಯಲ್ಲಿ ಜಾರಿಗೆ ತರಬಹುದೇ, ಹೊರೆ ಎಷ್ಟು ಇಳಿದೀತು, ಬಡವರಿಗೂ ದೂರದವರಿಗೂ ಸಿಕ್ಕೀತೇ. ಪ್ರತಿಯೊಂದಕ್ಕೂ ಹೌದು ಅಂದರೆ 1, ಇಲ್ಲ ಅಂದರೆ 0, ಹೇಳಲಾಗದು ಅಂದರೆ 0.5. ಆ ವಿಷಯದ ತಿಳಿವಳಿಕೆಯೇ ಇಲ್ಲದವರು ಖಾಲಿ ಬಿಡಬೇಕು. ಈ ಖಾಲಿ ಬಹಳ ಮುಖ್ಯ, ಅದನ್ನು ಸೊನ್ನೆ ಅಂತ ಎಣಿಸಿಬಿಡುವುದು ಮಾಮೂಲಿ ತಪ್ಪು.

ಲೆಕ್ಕ ಮಾಡಿ ತೋರಿಸುತ್ತೇನೆ. 20 ಜನ ಅಂಕ ಕೊಟ್ಟರು. ಒಂದು ಮಾನದಂಡಕ್ಕೆ 12 ಹೌದು, 4 ಇಲ್ಲ, 3 ಹೇಳಲಾಗದು, 1 ಖಾಲಿ. ಮೊತ್ತ 12 + 1.5 = 13.5. ಭಾಗಿಸಬೇಕಾದದ್ದು 19ರಿಂದ, 20ರಿಂದ ಅಲ್ಲ. 0.71, ಅಂದರೆ 71. ಉಳಿದ ನಾಲ್ಕಕ್ಕೆ 80, 55, 62, 84 ಬಂತು ಅಂದುಕೊಳ್ಳಿ. ಐದರ ಸರಾಸರಿ 70.4, ಇದೇ ಆ ಪ್ರಶ್ನೆಯ ಅಂಕ. ಜೊತೆಗೆ ಒಮ್ಮತದ ಅಳತೆಯನ್ನೂ ಬರೆಯಿರಿ: ಅತಿ ಹೆಚ್ಚು ಜನ ಕೊಟ್ಟ ಉತ್ತರ 12, ಒಟ್ಟು 20, ಆದ್ದರಿಂದ 0.60. ಅಂಕ ಹೆಚ್ಚಿದ್ದು ಒಮ್ಮತ ಕಡಿಮೆ ಇರುವ ಪ್ರಶ್ನೆಗಳನ್ನು ಮತ್ತೆ ಚರ್ಚೆಗೆ ತರಬೇಕು.

ಸಮಾನತೆಗೆ ಹೆಚ್ಚು ತೂಕ ಕೊಡಬೇಕು ಅನ್ನುವ ಜಗಳ ಖಂಡಿತ ಬರುತ್ತದೆ. ಕೊಡಿ. ಮೇಲಿನ ಕ್ರಮದಲ್ಲೇ 0.6, 1.0, 0.9, 1.2, 1.3 ತೂಕ ಹಾಕಿದರೆ 70.4 ಇದ್ದದ್ದು 71.1 ಆಗುತ್ತದೆ. ಅರ್ಧ ದಿನ ಇದಕ್ಕೆ ಕಳೆಯುವುದಕ್ಕಿಂತ ಪ್ರಶ್ನೆ ಬರೆಯುವ ಕೋಣೆಯಲ್ಲಿ ಯಾರಿದ್ದರು ಅನ್ನುವುದರ ಬಗ್ಗೆ ಜಗಳವಾಡಿ. ಅಂಕ ಕೊಡಲು 14 ಜನ ಸಾಲದು. ಒಬ್ಬರು ಹೌದು ಅಂದದ್ದನ್ನು ಇಲ್ಲ ಮಾಡಿದರೆ ಆ ಮಾನದಂಡದಲ್ಲಿ 7 ಅಂಕ ಹೋಗುತ್ತದೆ. ನಾಲ್ಕನೇ ಸ್ಥಾನಕ್ಕೂ ಎಂಟನೆಯದಕ್ಕೂ ನಡುವಿನ ಅಂತರ ಎಷ್ಟೋ ಸಲ ಅಷ್ಟೂ ಇರುವುದಿಲ್ಲ. ಅಂಕ ಕೊಡಲು 40 ಜನರನ್ನಾದರೂ ಹುಡುಕಿ. ತಾಲ್ಲೂಕು ವೈದ್ಯಾಧಿಕಾರಿಗಳು, ಮನೋರೋಗ ಶುಶ್ರೂಷಕರು, ಸಮಾಜಕಾರ್ಯದವರು ಸೇರಲಿ.

ಕೊನೆಯ ಸಂದೇಹಕ್ಕೆ: ಒಂದೇ ಪಟ್ಟಿ ಬೇಡ. ಜಾರಿಯ ಮಾನದಂಡದಲ್ಲಿ ಜೀನ್ ಅಧ್ಯಯನ ಪ್ರತಿ ಸಲವೂ ಸೋಲುತ್ತದೆ, ಅದು ಅಂಕದ ಕ್ರಮದ ದೋಷ. ಸ್ಥಿತಿ ಅಳೆಯುವುದು, ತಲುಪಿಸುವುದು, ಇರುವುದನ್ನು ಸುಧಾರಿಸುವುದು, ಹೊಸದನ್ನು ಹುಡುಕುವುದು, ಹೀಗೆ ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿಗೆ ಎಷ್ಟು ದುಡ್ಡು ಅನ್ನುವುದನ್ನು ಅಂಕ ಕೊಡುವ ಮುಂಚೆಯೇ ಗೊತ್ತುಮಾಡಿ, ಆಮೇಲೆ ಗುಂಪಿನೊಳಗೆ ಮಾತ್ರ ಸ್ಪರ್ಧೆ. 6 ಕೋಟಿಯಲ್ಲಿ ನಾನಾದರೆ ತಲುಪಿಸುವುದಕ್ಕೆ 3.5, ಸುಧಾರಿಸುವುದಕ್ಕೆ 1.5, ಅಳೆಯುವುದಕ್ಕೆ 1 ಕೊಡುತ್ತೇನೆ. ಹುಡುಕುವುದಕ್ಕೆ ಏನೂ ಇಲ್ಲ.

ನರಕೋಶ

"ಹುಡುಕುವುದಕ್ಕೆ ಏನೂ ಇಲ್ಲ" ಅನ್ನೋದನ್ನು ಇಷ್ಟು ಸಲೀಸಾಗಿ ಬರೆದುಬಿಟ್ಟರೆ ಹೇಗೆ ಸರ್? ನೀವು ತಾಲ್ಲೂಕಿಗೆ ತಲುಪಿಸಬೇಕು ಅಂತಿರೋ ಔಷಧಿಗಳು ಯಾವ ಕಾಲದವು? ಲಿಥಿಯಂ 1949, ಕ್ಲೋರ್‌ಪ್ರೊಮಜಿನ್ 1952. ಅಲ್ಲಿಂದ ಮುಂದೆ ಸ್ಕಿಜೋಫ್ರೇನಿಯಾಕ್ಕೆ ಬಂದದ್ದೆಲ್ಲ ಡೋಪಮಿನ್ ಅನ್ನೋ ಮೆದುಳಿನ ರಾಸಾಯನಿಕದ ಬಾಗಿಲನ್ನೇ ತಟ್ಟಿದವು. ಡೋಪಮಿನ್ ಗ್ರಾಹಕಗಳನ್ನು (ರಿಸೆಪ್ಟರ್) ತಡೆಯದೆ ಬೇರೆ ದಾರಿಯಲ್ಲಿ ಕೆಲಸ ಮಾಡುವ ಜನೊಮೆಲಿನ್-ಟ್ರಾಸ್ಪಿಯಂಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಜನೊಮೆಲಿನ್ ಮೇಲೆ ಕೆಲಸ ಶುರುವಾದದ್ದು 1990ರ ದಶಕದಲ್ಲಿ. ಮೂರು ವರ್ಷದ ಗ್ರಾಂಟ್ ಕಣ್ಣಿಂದ ನೋಡಿದ್ದರೆ ಅದಕ್ಕೆ ನಿಮ್ಮ ಐದು ಮಾನದಂಡದಲ್ಲಿ ಎಷ್ಟು ಅಂಕ ಬರ್ತಿತ್ತು?

ಇನ್ನೊಂದು ಪಕ್ಕದ ವಾದವೂ ನನಗೆ ಗೊತ್ತು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯನ್ನು 13 ವರ್ಷ ನಡೆಸಿದ ಥಾಮಸ್ ಇನ್ಸೆಲ್ ಅವರೇ, ನರವಿಜ್ಞಾನ ಮತ್ತು ಜೆನೆಟಿಕ್ಸ್‌ಗೆ ಸುಮಾರು 2,000 ಕೋಟಿ ಡಾಲರ್ ಸುರಿದರೂ ಆತ್ಮಹತ್ಯೆ, ಆಸ್ಪತ್ರೆ ದಾಖಲಾತಿಗಳನ್ನು ಇಳಿಸುವುದರಲ್ಲಿ ಏನೂ ಸಾಧಿಸಲಾಗಲಿಲ್ಲ ಅಂತ 2017ರಲ್ಲಿ ಒಪ್ಪಿಕೊಂಡರು. ಒಪ್ತೀನಿ. ಜಗತ್ತಿನಲ್ಲಿ ಮಾನಸಿಕ ಆರೋಗ್ಯ ಸಂಶೋಧನೆಗೆ ವರ್ಷಕ್ಕೆ ಹೋಗುವ ಸುಮಾರು 370 ಕೋಟಿ ಡಾಲರ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಮೂಲವಿಜ್ಞಾನಕ್ಕೇ ಹೋಗುತ್ತೆ ಅನ್ನೋದೂ ನಿಜ. ಆದರೆ ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಶ್ರೀಮಂತ ದೇಶಗಳ ಜನರ ರಕ್ತ, ಅವರ ಜೀನ್, ಅವರ ಸ್ಕ್ಯಾನ್.

6 ಕೋಟಿಯಲ್ಲಿ ಜೀನೋಮ್ ಅಧ್ಯಯನ ಆಗಲ್ಲ, ಆಗುತ್ತೆ ಅನ್ನೋರು ಸುಳ್ಳು ಹೇಳ್ತಿದ್ದಾರೆ. ಬೆಂಗಳೂರಿನಲ್ಲಿ ಜೀವವಿಜ್ಞಾನ ಸಂಸ್ಥೆಗಳಾದ ಎನ್‌ಸಿಬಿಎಸ್, ಇನ್‌ಸ್ಟೆಮ್, ಜೊತೆಗೆ ನಿಮ್ಹಾನ್ಸ್ ಸೇರಿ ಒಂದೇ ಕುಟುಂಬದಲ್ಲಿ ಹಲವರಿಗೆ ಕಾಯಿಲೆ ಇರುವ ಮನೆಗಳನ್ನು ವರ್ಷಗಟ್ಟಲೆ ಹಿಂಬಾಲಿಸುವ, ಅವರ ಕಾಂಡಕೋಶಗಳನ್ನು ಬೆಳೆಸುವ ಕೆಲಸ ಹೇಗೂ ನಡೀತಿದೆ. ಅಂಥದ್ದಕ್ಕೆ ಸಮಾನಾಂತರವಾಗಿ ಇನ್ನೊಂದು ಕಟ್ಟೋದು ದಡ್ಡತನ. ನಾನು ಕೇಳೋದು ಚಿಕ್ಕದು: ನೀವು ದುಡ್ಡು ಕೊಡುವ ಪ್ರತಿ ಚಿಕಿತ್ಸಾ ಪ್ರಯೋಗದಲ್ಲೂ ಪ್ರತ್ಯೇಕ ಒಪ್ಪಿಗೆ ಪಡೆದು 5 ಮಿಲಿ ರಕ್ತ ತೆಗೆದಿಡಿ. ಮೈನಸ್ 80 ಡಿಗ್ರಿ ಫ್ರೀಜರ್, ಜನರೇಟರ್, ಬಾರ್‌ಕೋಡ್, ಇಷ್ಟೇ. ಕ್ಲೋಜಪಿನ್ ಅಧ್ಯಯನದಲ್ಲಿ ಯಾರ ಬಿಳಿಕಣ ಕುಸಿಯಿತು ಅನ್ನೋ ಪ್ರಶ್ನೆಗೆ ಹತ್ತು ವರ್ಷದ ಮೇಲೆ ಉತ್ತರ ಹುಡುಕೋರಿಗೆ ಆ ರಕ್ತ ಬೇಕಾಗುತ್ತೆ. ಆಮೇಲೆ ಹೋಗಿ ತರಲಾಗಲ್ಲ.

ತುಂಗಾಮೂಲ

ರಕ್ತ ತೆಗೆದಿಡುವುದಕ್ಕೆ ನನ್ನ ಆಕ್ಷೇಪವಿಲ್ಲ. ಫ್ರೀಜರ್ ಕೊಳ್ಳುವುದು ಸುಲಭ, ಗ್ರಾಂಟ್ ಮುಗಿದ ನಾಲ್ಕನೇ ವರ್ಷದ ಕರೆಂಟ್ ಬಿಲ್ ಯಾರು ಕಟ್ಟುತ್ತಾರೆ ಅನ್ನುವುದನ್ನು ಮೊದಲೇ ಲಿಖಿತದಲ್ಲಿ ತೆಗೆದುಕೊಳ್ಳಿ. ಈಗಾಗಲೇ ಬಯೋಬ್ಯಾಂಕ್ (ರಕ್ತದ ಮಾದರಿ ಕಾಪಿಡುವ ವ್ಯವಸ್ಥೆ) ಇರುವ ಸಂಸ್ಥೆ ಒಪ್ಪಿಕೊಂಡರೆ ಮಾತ್ರ ಮಾಡಿ.

ಮಲಪ್ರಭಾ

ಇಷ್ಟೂ ಮಾತಿನಲ್ಲಿ ಹೇಮಾವತಿಯವರ ಮೂರನೇ ಸಂದೇಹ ಹಾಗೇ ಉಳೀತು ನೋಡ್ರಿ. 14 ಜನರಲ್ಲಿ ಕಾಯಿಲೆ ಅನುಭವಿಸಿದವರು ಒಬ್ಬರೂ ಇಲ್ಲ, ಮನೆಯವರೂ ಇಲ್ಲ. ಪಟ್ಟಿ ಆದಮೇಲೆ "ಅಭಿಪ್ರಾಯ ತಿಳಿಸಿ" ಅಂತ ಕರೆದರೆ ಅದು ಸಹಿ ಹಾಕಿಸಿಕೊಳ್ಳುವ ಕಾರ್ಯಕ್ರಮ ಆಗತದ. ಪ್ರಶ್ನೆ ಬರೆಯುವ ಹಂತದಲ್ಲೇ ಕರೀರಿ.

ಬ್ರಿಟನ್ನಿನಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ 2004ರಿಂದ ಮಾಡಿಕೊಂಡು ಬಂದಿರುವ ಕ್ರಮ ಇದಕ್ಕೆ ಒಳ್ಳೆಯದು. ರೋಗಿಗಳು, ಆರೈಕೆ ಮಾಡುವವರು, ವೈದ್ಯರು ಮೂವರಿಂದಲೂ ಉತ್ತರ ಸಿಗದ ಸಂದೇಹಗಳನ್ನು ತರಿಸಿಕೊಳ್ಳುತ್ತಾರೆ, ಗುಂಪು ಮಾಡುತ್ತಾರೆ, ಈಗಾಗಲೇ ಉತ್ತರ ಇದೆಯೇ ಎಂದು ಪರಿಶೀಲಿಸುತ್ತಾರೆ, ಎರಡನೇ ಸಮೀಕ್ಷೆಯಲ್ಲಿ 20-25ಕ್ಕೆ ಇಳಿಸುತ್ತಾರೆ. ಕೊನೆಗೆ ಒಂದು ದಿನದ ಕಾರ್ಯಾಗಾರ. ಎಲ್ಲರನ್ನೂ ಬೆರೆಸಿ ಚಿಕ್ಕ ಚಿಕ್ಕ ಗುಂಪು ಮಾಡಿ, ಪ್ರಶ್ನೆಗಳನ್ನು ಕಾರ್ಡಿನ ಮೇಲೆ ಬರೆದು ಮೇಜಿನ ಮೇಲೆ ಆದ್ಯತೆಯ ಕ್ರಮದಲ್ಲಿ ಜೋಡಿಸಿ ಹತ್ತಕ್ಕೆ ಇಳಿಸುತ್ತಾರೆ. ಸ್ಕಿಜೋಫ್ರೇನಿಯಾಕ್ಕೆ ಹೀಗೆ ಮಾಡಿದ ಹತ್ತರಲ್ಲಿ ಔಷಧಿಯಿಂದ ಬರುವ ಲೈಂಗಿಕ ತೊಂದರೆ, ತೂಕ ಹೆಚ್ಚುವುದು ಸೇರಿದ್ದವು. ನಿಮ್ಮ 63ರಲ್ಲಿ ಇವೆರಡು ಇದ್ದರೆ ತಿಳಿಸಿ. ಮಾತ್ರೆ ಬಿಡುವವರಲ್ಲಿ ಅನೇಕರು ಬಿಡುವುದೇ ಇವುಗಳ ಕಾರಣಕ್ಕೆ, ವೈದ್ಯರ ಮುಂದೆ ಮಾತ್ರ ಬಾಯಿ ಬಿಡುವುದಿಲ್ಲ.

ಇಲ್ಲಿ ಮಾಡುವಾಗ ಎಲ್ಲಿ ಕೆಡತದ ಅಂದರೆ: ಆನ್‌ಲೈನ್ ಫಾರ್ಮ್ ಇಟ್ಟರೆ ಬೆಂಗಳೂರಿನ, ಓದಿದ, ಖಿನ್ನತೆ ಆತಂಕದವರು ತುಂಬುತ್ತಾರೆ. ಕಲಬುರಗಿ, ರಾಯಚೂರು ಕಡೆ ದೀರ್ಘಕಾಲದ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ ಸ್ಥಿತಿ) ಇರುವವರು ಬರುವುದಿಲ್ಲ. ಅದಕ್ಕ ಜಿಲ್ಲಾ ಆಸ್ಪತ್ರೆಯ ಒಪಿಡಿ ದಿನ ಸಮಾಜಕಾರ್ಯಕರ್ತರು ಕೂತು ಬಾಯಿಮಾತಿನಲ್ಲಿ ಕೇಳಿ ಬರೆದುಕೊಳ್ಳಬೇಕು. ಕೇಳುವುದು ಎರಡೇ: "ನಿಮ್ಮ ಕಾಯಿಲೆ, ಔಷಧಿ, ಆರೈಕೆ ಬಗ್ಗೆ ಯಾರೂ ಸರಿಯಾಗಿ ಉತ್ತರ ಕೊಡದ ಪ್ರಶ್ನೆ ಯಾವುದು?", "ದಿನಾ ಎಲ್ಲಿ ಕಷ್ಟ ಆಗತದ?" ಸಂಶೋಧನೆ ಅನ್ನುವ ಪದವನ್ನೇ ಬಳಸಬೇಡ್ರಿ, ರಕ್ತ ತೆಗೆದು ಪ್ರಯೋಗ ಮಾಡುತ್ತಾರೆ ಅಂದುಕೊಳ್ಳುತ್ತಾರೆ.

ರೋಗಿ ಮತ್ತು ಮನೆಯವರನ್ನು ಒಂದೇ ಗುಂಪಿನಲ್ಲಿ ಕೂಡಿಸಬೇಡ್ರಿ. ತಾಯಿ ಪಕ್ಕದಲ್ಲಿದ್ದರೆ ಮಗ ಮಾತಾಡುವುದಿಲ್ಲ. ಸೊಸೆಯ ಮುಂದೆ ಅತ್ತೆಯೇ ಉತ್ತರ ಹೇಳುತ್ತಾಳೆ. ಇಬ್ಬರ ಆದ್ಯತೆಗಳೂ ಬೇರೆ: ಮನೆಯವರಿಗೆ ಮತ್ತೆ ಕಾಯಿಲೆ ಉಲ್ಬಣಿಸಬಾರದು, ನಮ್ಮ ಕಾಲ ಆದಮೇಲೆ ಯಾರು ನೋಡಿಕೊಳ್ಳುತ್ತಾರೆ, ರೋಗಿಗೆ ಕೆಲಸ, ಮದುವೆ, ಮಾತ್ರೆಯ ಮಂಪರು. ಎರಡನ್ನೂ ಬೇರೆಬೇರೆ ಬರೆದುಕೊಂಡು ಆಮೇಲೆ ಜೋಡಿಸಿ. ಚಿಕಿತ್ಸೆ ಕೊಡುವ ವೈದ್ಯರು ಆ ಮೇಜಿನಲ್ಲಿ ಇರಕೂಡದು. ಬಸ್ ಚಾರ್ಜು, ಒಂದು ದಿನದ ಕೂಲಿ, ಊಟ ಅದೇ ದಿನ ನಗದಾಗಿ ಕೈಗೆ. ಬಿಲ್ಲು ಕೊಟ್ಟು ಆಮೇಲೆ ಪಡೆಯಿರಿ ಅಂದರೆ ಎರಡನೇ ಸಲ ಯಾರೂ ಬರುವುದಿಲ್ಲ. ಸಭೆ ಬೆಳಿಗ್ಗೆ 11ಕ್ಕೆ ಮೊದಲು ಬೇಡ, ರಾತ್ರಿ ಮಾತ್ರೆಯ ಮಂಪರು ಇರತದ. ಮುಕ್ಕಾಲು ಗಂಟೆಗೊಂದು ಬಿಡುವು. ಓದಲು ಬಾರದವರಿಗೆ ಪ್ರಶ್ನೆಯನ್ನು ಓದಿ ಹೇಳಿ, ಕಾಳು ಅಥವಾ ಗುಂಡಿ ಕೊಟ್ಟು ಮುಖ್ಯವಾದುದರ ಮುಂದೆ ಇಡಲು ಹೇಳಿ.

ಕಾನೂನಿನ ಒಂದು ವಿಷಯ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ ಕಲಂ 99ರ ಪ್ರಕಾರ ಸಂದರ್ಶನ ಮಾತ್ರ ಇರುವ ಸಂಶೋಧನೆಗೂ ಆ ವ್ಯಕ್ತಿಯದೇ ಮುಕ್ತ, ತಿಳಿವಳಿಕೆಯ ಒಪ್ಪಿಗೆ ಬೇಕು. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದ, ಆದರೆ ವಿರೋಧಿಸದ ವ್ಯಕ್ತಿಯ ಮೇಲೆ ಚಿಕಿತ್ಸೆಯ ಪ್ರಯೋಗ ಮಾಡಬೇಕಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ಅನುಮತಿ ಬೇಕು. ಅನುಮತಿ ಸಿಕ್ಕರೂ, ಒಪ್ಪಿಗೆ ಕೊಡಬಲ್ಲವರ ಮೇಲೆ ಆ ಸಂಶೋಧನೆ ಮಾಡಲು ಸಾಧ್ಯವಿಲ್ಲ ಅಂತ ತೋರಿಸಿ, ನಾಮನಿರ್ದೇಶಿತ ಪ್ರತಿನಿಧಿಯ ಒಪ್ಪಿಗೆ ಪಡೆಯಬೇಕು. ಅಣ್ಣನ ಸಹಿ ಇದೆ ಅಂದರೆ ಸಾಲದು. "ಉತ್ತರ ಸಿಗುವಂತಿದೆಯೇ" ಅನ್ನುವ ಮಾನದಂಡಕ್ಕೆ ಅಂಕ ಕೊಡುವಾಗ ಈ ಅನುಮತಿಗೆ ಬೇಕಾಗುವ ತಿಂಗಳುಗಳನ್ನೂ ಎಣಿಸಿ.

ಹೇಮಾವತಿ

ಬಹಳ ಉಪಕಾರವಾಯಿತು. ತೂಕ ಹೆಚ್ಚುವುದು, ಲೈಂಗಿಕ ತೊಂದರೆ ಎರಡೂ 63ರಲ್ಲಿ ಇಲ್ಲ, ಈಗಷ್ಟೇ ನೋಡಿದೆ. ಇನ್ನೊಂದು ಕೇಳಬೇಕಿತ್ತು. ಇಲಾಖೆಯವರು "ಆತ್ಮಹತ್ಯೆ ತಡೆ ಮೊದಲ ಸ್ಥಾನದಲ್ಲಿ ಇರಲೇಬೇಕು" ಅನ್ನುತ್ತಿದ್ದಾರೆ. ಎರಡು ತಾಲ್ಲೂಕು ಆರಿಸಿ, ಒಂದರಲ್ಲಿ ಆಶಾ ಮತ್ತು ಶಿಕ್ಷಕರಿಗೆ ತರಬೇತಿ ಕೊಟ್ಟು, ಮೂರು ವರ್ಷದಲ್ಲಿ ಆತ್ಮಹತ್ಯೆ ಇಳಿಯಿತೇ ನೋಡೋಣ ಎಂಬ ಸಲಹೆ ಬಂದಿದೆ. ಇದು ನಡೆಯುತ್ತದೆಯೇ?

ಅಂಕಿಸಂಖ್ಯೆ

ನಡೆಯಲ್ಲ. ವಿಷಯ ಮುಖ್ಯ, ವಿನ್ಯಾಸ ತಪ್ಪು. ಕರ್ನಾಟಕದ ಆತ್ಮಹತ್ಯೆ ದರ ಲಕ್ಷಕ್ಕೆ 20ರ ಆಸುಪಾಸು, ದೇಶದ ಸರಾಸರಿಗಿಂತ ಹೆಚ್ಚು (2022ರಲ್ಲಿ ದೇಶದ್ದು 12.4). ತರಬೇತಿಯಿಂದ ಐದನೇ ಒಂದು ಭಾಗ ಇಳಿಯಿತು ಅಂದುಕೊಳ್ಳೋಣ, 20 ಇದ್ದದ್ದು 16. ಅದನ್ನು 80 ಶೇಕಡಾ ಭರವಸೆಯಿಂದ ಹಿಡಿಯಬೇಕಾದರೆ ಒಂದೊಂದು ಕಡೆಗೂ 7.84 × (20+16) ÷ (20−16)² ಲಕ್ಷ, ಅಂದರೆ 17.6 ಲಕ್ಷ ವ್ಯಕ್ತಿ-ವರ್ಷ (ಒಬ್ಬರನ್ನು ಒಂದು ವರ್ಷ ಗಮನಿಸಿದರೆ ಒಂದು) ಬೇಕು; 7.84 ಈ ಸೂತ್ರದ ಸ್ಥಿರಾಂಕ. ಎರಡೂವರೆ ಲಕ್ಷ ಜನರ ತಾಲ್ಲೂಕಾದರೆ ಮೂರು ವರ್ಷಕ್ಕೆ 7.5 ಲಕ್ಷ. ಬೇಕಾದುದರ ಅರ್ಧವೂ ಇಲ್ಲ. ಅದೂ ತಾಲ್ಲೂಕು ತಾಲ್ಲೂಕಿಗೆ ಇರುವ ವ್ಯತ್ಯಾಸ ಲೆಕ್ಕಕ್ಕೆ ತಗೊಳ್ಳದೆ. ಕಡೆಗೊಂದೇ ತಾಲ್ಲೂಕು ಅಂದರೆ ಮಳೆ, ಬೆಲೆ, ಠಾಣೆಯಲ್ಲಿ ಸಾವು ಬರೆದುಕೊಳ್ಳುವ ಕ್ರಮ, ಇವುಗಳಿಂದ ಆದ ಬದಲಾವಣೆಯನ್ನು ತರಬೇತಿಯಿಂದ ಆದದ್ದರಿಂದ ಬೇರೆ ಮಾಡೋಕೆ ದಾರಿಯೇ ಇಲ್ಲ. ಮೂರು ವರ್ಷದ ಮೇಲೆ "ಪರಿಣಾಮ ಕಂಡುಬಂದಿಲ್ಲ" ಅಂತ ವರದಿ ಬರುತ್ತೆ, ಒಳ್ಳೆಯ ಕಾರ್ಯಕ್ರಮವೂ ಸಾಯುತ್ತೆ.

ಹಾಗಂತ ದೊಡ್ಡದಾಗಿ ಮಾಡಿದರೆ ನಾವು ಅಂದುಕೊಂಡದ್ದೇ ಬರುತ್ತೆ ಅಂತಲೂ ಇಲ್ಲ. ಶ್ರೀಲಂಕಾದಲ್ಲಿ ಕೀಟನಾಶಕವನ್ನು ಮನೆಯಲ್ಲಿ ಬೀಗ ಹಾಕಿಡುವ ಪೆಟ್ಟಿಗೆಯನ್ನು ಅರ್ಧ ಹಳ್ಳಿಗಳಿಗೆ ಹಂಚಿ, ಒಟ್ಟು 180 ಹಳ್ಳಿಗಳ 53,382 ಮನೆಗಳಲ್ಲಿ ನೋಡಿದರು. ಕೇಳಿದರೆ ಯಾರಿಗಾದರೂ ಸರಿ ಅನ್ನಿಸುವ ಉಪಾಯ. 2017ರಲ್ಲಿ ಫಲಿತಾಂಶ ಬಂತು, ಪ್ರಯೋಜನ ಕಾಣಲಿಲ್ಲ. ಅದೇ ದೇಶದಲ್ಲಿ 1995ರಿಂದ ಹಂತಹಂತವಾಗಿ ಅತಿ ಅಪಾಯಕಾರಿ ಕೀಟನಾಶಕಗಳನ್ನೇ ನಿಷೇಧಿಸಿದ್ದರಿಂದ ಆತ್ಮಹತ್ಯೆ ದರ ಗಣನೀಯವಾಗಿ ಕುಸಿಯಿತು. ಅಂದರೆ ಆತ್ಮಹತ್ಯೆ ತಡೆಯ ಅತ್ಯಂತ ಫಲಕಾರಿ ಸಂಶೋಧನೆ ಮನೋವೈದ್ಯ ವಿಭಾಗದಿಂದಲ್ಲ, ವಿಷವಿಜ್ಞಾನ ಮತ್ತು ಕೃಷಿ ಇಲಾಖೆಯ ದಾಖಲೆಗಳಿಂದ ಬರಬಹುದು. ನಿಮ್ಮ ಸಮಿತಿಯಲ್ಲಿ ಕೃಷಿಯವರು ಇಲ್ಲ.

6 ಕೋಟಿಯೊಳಗೆ ಮಾಡಬಹುದಾದದ್ದು: ಆತ್ಮಹತ್ಯೆಗೆ ಯತ್ನಿಸಿ ಜಿಲ್ಲಾ ಆಸ್ಪತ್ರೆಗಳಿಗೆ ಬಂದವರ ಏಕರೂಪದ ನೋಂದಣಿ, ಯಾವ ಕೀಟನಾಶಕದಿಂದ ಎಷ್ಟು ಜನ ಸಾಯ್ತಾರೆ ಅನ್ನೋ ಅನುಪಾತ, ಡಿಸ್ಚಾರ್ಜ್ ಆದಮೇಲೆ ಫೋನ್ ಮಾಡಿ ವಿಚಾರಿಸಿಕೊಂಡರೆ ಆರು ತಿಂಗಳಲ್ಲಿ ಮತ್ತೆ ಯತ್ನಿಸುವವರು ಕಡಿಮೆಯಾಗ್ತಾರಾ ಅನ್ನೋ ಪ್ರಯೋಗ. ಮರುಯತ್ನ ಸಾವಿಗಿಂತ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಸಾವಿರದ ಲೆಕ್ಕದ ಜನರಲ್ಲೇ ಉತ್ತರ ಸಿಗುತ್ತೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆಗಳನ್ನು ಜೋಡಿಸಿದರೆ ಹೊಸ ಸಿಬ್ಬಂದಿಯೂ ಬೇಕಾಗಲ್ಲ.

ತುಂಗಾಮೂಲ

ಅಂಕಿಸಂಖ್ಯೆಯವರ ಲೆಕ್ಕಕ್ಕೆ ಜೋಡಿಸಿ ಹೇಳುವುದಾದರೆ, "ಮೇಲಿನ ಹತ್ತು" ಅನ್ನುವುದನ್ನು ಮೊದಲು ಬಿಡಿ. ಪಿಎಚ್‌ಸಿಗಳನ್ನು ಗುಂಪಾಗಿ ಹಿಡಿದು ಮಾಡುವ ಒಂದು ಸಾಧಾರಣ ಪ್ರಯೋಗ ನೋಡಿ. ವ್ಯಕ್ತಿಗಳನ್ನು ಬಿಡಿಬಿಡಿಯಾಗಿ ಹಂಚಿದರೆ 260 ಜನ ಸಾಕಾಗುವ ಕಡೆ, ಪಿಎಚ್‌ಸಿಗೆ 20 ಜನ, ಒಂದೇ ಪಿಎಚ್‌ಸಿಯವರ ನಡುವಿನ ಹೋಲಿಕೆ 0.05 ಅಂತ ಹಿಡಿದರೆ 1 + 19 × 0.05, ಅಂದರೆ 1.95 ಪಟ್ಟು: 507 ಜನ. ಶೇಕಡಾ 15 ಜನ ನಡುವೆ ಬಿಟ್ಟುಹೋಗುತ್ತಾರೆ ಅಂದರೆ 597. ಒಟ್ಟು 30 ಪಿಎಚ್‌ಸಿ. ಇದಕ್ಕೆ 12 ಕ್ಷೇತ್ರ ಸಿಬ್ಬಂದಿ, ತಿಂಗಳಿಗೆ 30 ಸಾವಿರದಂತೆ ಮೂರು ವರ್ಷಕ್ಕೆ ಸಂಬಳವೇ ಸುಮಾರು 1.3 ಕೋಟಿ. ಓಡಾಟ, ಅಂಕಿಅಂಶ ನಿರ್ವಹಣೆ, ಸಂಸ್ಥೆಯ ಖರ್ಚು ಸೇರಿದರೆ ಎರಡರ ಹತ್ತಿರ. ಅಂದರೆ ನಿಮ್ಮ ದುಡ್ಡಿಗೆ ಬರುವುದು ದೊಡ್ಡವು ಎರಡು, ಚಿಕ್ಕವು ಮೂರು ನಾಲ್ಕು. ಹತ್ತಕ್ಕೆ 60 ಲಕ್ಷದಂತೆ ಹಂಚಿದರೆ ಹತ್ತೂ ಅರೆಬರೆ ಪ್ರಶ್ನಾವಳಿ ಸಮೀಕ್ಷೆಗಳಾಗಿ ಮುಗಿಯುತ್ತವೆ. ಪಟ್ಟಿ 20ರದ್ದು ಇರಲಿ, ಅರ್ಜಿ ಕರೆಯುವುದು ಮೊದಲ ಐದಕ್ಕೆ. ಉಳಿದದ್ದನ್ನು ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನಂಥ ಕಡೆ ಅರ್ಜಿ ಹಾಕುವವರು ಬಳಸಿಕೊಳ್ಳಲಿ, ಹಾಗಾಗಿ ಪಟ್ಟಿಯನ್ನು ಅಂಕಗಳ ಸಮೇತ ಪ್ರಕಟಿಸಿ.

ಅರ್ಜಿ ಕರೆಯುವ ಪ್ರಕಟಣೆಯಲ್ಲಿ ಪ್ರಶ್ನೆಯ ಪೂರ್ಣಪಾಠವನ್ನೇ ಹಾಕಿ, ತಲೆಬರಹ ಹಾಕಿದರೆ ಮತ್ತೆ ಎಂಆರ್‌ಐ ಬರುತ್ತದೆ. ಸಮಿತಿಯ ಸದಸ್ಯರು ತಾವೇ ಅರ್ಜಿದಾರರಾಗುವ ಪ್ರಶ್ನೆಗೆ ಅಂಕ ಕೊಡುವಂತಿಲ್ಲ ಅನ್ನುವ ನಿಯಮವನ್ನು ಮೊದಲ ಸಭೆಯಲ್ಲೇ ನಡಾವಳಿಗೆ ಸೇರಿಸಿ. 9 ಮನೋವೈದ್ಯರ ಸಮಿತಿಯಲ್ಲಿ ಇದು ಚಿಕ್ಕ ವಿಷಯವಲ್ಲ. ಹಣವನ್ನು ಮೂರು ಕಂತಿನಲ್ಲಿ ಬಿಡಿ: ಎಥಿಕ್ಸ್ ಕಮಿಟಿ ಒಪ್ಪಿಗೆ ಆಗಿ, ಪ್ರಯೋಗವಾದರೆ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆ ಸಿಟಿಆರ್‌ಐ (ದೇಶದ ಚಿಕಿತ್ಸಾ ಪ್ರಯೋಗಗಳ ದಾಖಲೆ) ನೋಂದಣಿಯೂ ಆದಮೇಲೆ 40 ಶೇಕಡಾ; ಒಂಬತ್ತನೇ ತಿಂಗಳಲ್ಲಿ ಗುರಿಯ ಕಾಲುಭಾಗ ಜನ ಸೇರಿದ್ದರೆ ಇನ್ನೊಂದು 40; ಹೆಸರು ತೆಗೆದ ದತ್ತಾಂಶವನ್ನೂ ಎರಡು ಪುಟದ ಕನ್ನಡ ಸಾರಾಂಶವನ್ನೂ ಕೊಟ್ಟ ಮೇಲೆ ಉಳಿದ 20. ಕಾಲುಭಾಗ ಸೇರದಿದ್ದರೆ ಕಾರಣ ಕೇಳಿ, ಮೂರು ತಿಂಗಳು ಸಮಯ ಕೊಟ್ಟು, ಆಮೇಲೂ ಆಗದಿದ್ದರೆ ನಿಲ್ಲಿಸಿ ಆರನೇ ಪ್ರಶ್ನೆಗೆ ಅರ್ಜಿ ಕರೆಯಿರಿ.

ಮಲಪ್ರಭಾ

ಆ ಎರಡು ಪುಟದ ಸಾರಾಂಶವನ್ನು ಕಾರ್ಯಾಗಾರಕ್ಕೆ ಬಂದವರಲ್ಲೇ ಇಬ್ಬರು ಓದಿ, ತಿಳಿಯಿತು ಅಂದಮೇಲೆ ಕೊನೆಯ ಕಂತು ಬಿಡ್ರಿ. ಇಲ್ಲಾಂದರೆ ಪ್ರಬಂಧದ ಸಾರವನ್ನೇ ಯಂತ್ರದಲ್ಲಿ ಅನುವಾದ ಮಾಡಿ ಕೊಡುತ್ತಾರೆ.